ಅಂಚಿನಲ್ಲಿ ನಿಂತವರಿಗೆ ಕತ್ತರಿ ಹಾಕಬೇಡಿ!

ಅಲ್ಲಾ ಸ್ವಾಮಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪತ್ರಿಕೆ ಕೈಗೆ ಬಂದ ಕೂಡಲೇ ನೀವು ಮೊದಲು ಓದುವುದು ಏನನ್ನು? ಈ ಅಂಕಣವನ್ನು ಅಂದರೆ ನಾನು ನಂಬೋದಿಲ್ಲ. ಬಸ್ಸು ಹೊರಡಲು ಐದು ನಿಮಿಷ ಇದೆ ಅನ್ನುವಾಗ ಯಾರೂ ಓದುವುದಿಲ್ಲ, ಮಗುಚುತ್ತಾರೆ. ಮುಖಪುಟ, ನಡುಪುಟ, ಹಿಂಬದಿಯ ಪುಟ... ಬರೀ ಫೋಟೊ! ಆಮೇಲೆ ಕಣ್ಣು ಜಾರುವುದು ಫೋಟೊದ ಕೆಳಗಿರುವ ಸಾಲಿಗೆ. ಆ ಸಾಲು ರುಚಿಸಿದರೆ ಮಾತ್ರ ಪಕ್ಕದ ಬರಹಕ್ಕೆ ಯೋಗ. ಬರೆಯುವವರ ಹಣೆಬರಹ ಅಷ್ಟೇ.

ಈಗ ನೋಡಿದರೆ ಓದುಗರೆಲ್ಲ ಸಂಪಾದಕರೇ ಆಗಿಬಿಟ್ಟಿದ್ದಾರೆ. ಮೆಚ್ಚಿನ ನಟನ ಬಗ್ಗೆ ನಾಲ್ಕು ಮಾತು ಬರೆದು, ಎರಡು ಫೋಟೊ ಸೇರಿಸಿ, ಫೋನಿನಲ್ಲೇ ಊರಿಗೆಲ್ಲ ಹಂಚುವವರಿದ್ದಾರೆ. ಅಭಿಮಾನಿ ಸಂಘದ ಸ್ಮರಣ ಸಂಚಿಕೆ ತರುವವರಿದ್ದಾರೆ. ತಾತನ ಟೂರಿಂಗ್ ಟಾಕೀಸಿನ ಕಥೆ ಬರೆದು, ಟ್ರಂಕಿನಿಂದ ಹಳೇ ಫೋಟೊ ತೆಗೆದು ಅಂಟಿಸುವವರೂ ಇದ್ದಾರೆ. ಬರಹ ಚೆನ್ನಾಗಿರುತ್ತೆ, ಫೋಟೊನೂ ಚೆನ್ನಾಗಿರುತ್ತೆ. ಎರಡನ್ನೂ ಸೇರಿಸುವ ಜಾಗದಲ್ಲಿ ಮಾತ್ರ ಎಡವಟ್ಟು! ಅದಕ್ಕೇ ಈ ವಾರ ಗಾಂಧಿನಗರದ ಗುಸುಗುಸುಗೆ ರಜ. ಫೋಟೊ ಹಾಕುವ ವಿದ್ಯೆಯ ಬಗ್ಗೆ ನಾಲ್ಕು ಮಾತಾಡೋಣ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ. ಹಳೆಯ ಪತ್ರಿಕೆಗಳಲ್ಲಿ ನೀವು ನೋಡುವ ಸಿನಿಮಾ ಫೋಟೊಗಳು ರೀಲಿನಿಂದ ಕತ್ತರಿಸಿ ತೆಗೆದವಲ್ಲ. ನಿರ್ದೇಶಕರು ‘ಓಕೆ’ ಅಂದ ಮೇಲೆ ಸ್ಥಿರಚಿತ್ರಗ್ರಾಹಕ ಮುಂದೆ ಬರುತ್ತಿದ್ದ. ‘ಸಾರ್, ಒಂದು ಸ್ಟಿಲ್!’ ಆಗ ನಾಯಕ ಮತ್ತೆ ಹುಬ್ಬು ಗಂಟಿಕ್ಕಬೇಕು, ನಾಯಕಿ ಮತ್ತೆ ಕಣ್ಣೀರು ಹಾಕಬೇಕು. ಪ್ರಗತಿ ಅಶ್ವತ್ಥನಾರಾಯಣರ ಹೆಸರು ಕೇಳಿದ್ದೀರಲ್ಲ, ಅಂಥವರು ಈ ಅರೆಗಳಿಗೆಯಲ್ಲಿ ಹಿಡಿದ ಚಿತ್ರಗಳೇ ನಮ್ಮ ನೆನಪಿನಲ್ಲಿ ಇಡೀ ಸಿನಿಮಾ ಆಗಿ ಕೂತಿರುವುದು.

ಆ ಕಾಲದ ಸ್ಟಿಲ್ ಕ್ಯಾಮೆರಾಗಳಲ್ಲಿ ಬಹಳಷ್ಟು ಚೌಕದ ಕ್ಯಾಮೆರಾಗಳು. ಆರು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲ, ರೋಲಿಗೆ ಹನ್ನೆರಡೇ ಚಿತ್ರ. ಚೌಕದಲ್ಲಿ ತೆಗೆದದ್ದನ್ನು ಮುಖಪುಟಕ್ಕೆ ಬೇಕಾದರೆ ಉದ್ದಕ್ಕೆ, ನಡುಪುಟಕ್ಕೆ ಬೇಕಾದರೆ ಅಡ್ಡಕ್ಕೆ ಕತ್ತರಿಸಿಕೊಳ್ಳುವುದು ಪತ್ರಿಕೆಯವರ ಕೆಲಸ. ಅಚ್ಚುಮೊಳೆಯ ಕಾಲದಲ್ಲಂತೂ ಪ್ರತಿ ಫೋಟೊಗೂ ಸತುವಿನ ಬ್ಲಾಕು ಮಾಡಿಸಬೇಕಿತ್ತು. ಅದರ ಕೂಲಿ ಅಳತೆಯ ಮೇಲೆ. ಅಂದಮೇಲೆ ಕತ್ತರಿ ಚುರುಕಾಗದೆ ಇರುತ್ತದೆಯೇ? ನಾಯಕನ ಮುಖ ಉಳಿಸು, ಪಕ್ಕದವರನ್ನು ಎತ್ತು!

ಆ ಪಕ್ಕದವರು ಯಾರು ಅಂತ ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. 1952ರ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳು ಬರುತ್ತಾರೆ. ಏಳು ಗಡ್ಡ, ಏಳು ಜಟೆ. ಜಾಗ ಸಾಲದು ಅಂತ ಅಂಚಿನ ಇಬ್ಬರು ಋಷಿಗಳನ್ನು ಎತ್ತಿಬಿಟ್ಟರೆ ಯಾರು ಕೇಳುತ್ತಾರೆ? ಆದರೆ ಆ ಏಳು ಜನರಲ್ಲಿ ಒಬ್ಬರು ಮುತ್ತುರಾಜ್! ಎರಡು ವರ್ಷ ಕಳೆದು 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು, ಮುತ್ತುರಾಜ್ ರಾಜಕುಮಾರ್ ಆದರು. ಇನ್ನು 1972ರ ‘ನಾಗರಹಾವು’. ಎಲ್ಲರ ಕಣ್ಣೂ ರಾಮಾಚಾರಿಯ ಮೇಲೆ. ಸೈಕಲ್ಲಿನ ಮೇಲೆ ಬಂದು ಅಲಮೇಲುವನ್ನು ಕಾಡುವ ಜಲೀಲನನ್ನು ಫೋಟೊದಿಂದ ಕತ್ತರಿಸಿದರೆ ಹೋಗುವುದು ಯಾರು? ನಮ್ಮ ಅಂಬರೀಷ್! 1976ರ ‘ಕಥಾ ಸಂಗಮ’ದ ಮುನಿತಾಯಿ ಕಥೆಯಲ್ಲಿ ಚಿಕ್ಕ ಪಾತ್ರ ಮಾಡಿದ ತೆಳ್ಳನೆಯ ಹುಡುಗ ರಜನೀಕಾಂತ್.

ಇವರೇನೋ ದೊಡ್ಡವರಾದರು, ಬೇರೆ ಸಾವಿರ ಫೋಟೊ ಉಳಿದಿವೆ. ದೊಡ್ಡವರಾಗದವರ ಗತಿ? ರಾಜನ ಹಿಂದೆ ಭರ್ಜಿ ಹಿಡಿದು ನಿಂತವನು, ನಾಯಕಿಯ ಗೆಳತಿಯರ ಸಾಲಿನ ಮೂರನೆಯವಳು, ಪಂಚಾಯ್ತಿ ಕಟ್ಟೆಯ ಮೇಲೆ ತಲೆ ಆಡಿಸಿದ ಮುದುಕ... ಅವರು ಚಿತ್ರರಂಗದಲ್ಲಿ ಇದ್ದರು ಅನ್ನುವುದಕ್ಕೆ ಆ ಫೋಟೊದ ಅಂಚು ಒಂದೇ ಸಾಕ್ಷಿ. ಅವರ ಮೊಮ್ಮಕ್ಕಳು ಅದನ್ನು ಎಲ್ಲೋ ಹುಡುಕುತ್ತಿರಬಹುದು. ನೀವು ಬೆರಳಿನಲ್ಲಿ ಸರ್ರನೆ ಎಳೆದು ಅವರನ್ನು ಹೊರಗೆ ಹಾಕ್ತೀರಿ!

ಕತ್ತರಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಅರ್ಧ ಫೋಟೊ ಖಾಲಿ ಆಕಾಶ ಇದ್ದರೆ ಧಾರಾಳವಾಗಿ ತೆಗೆಯಿರಿ. ಆದರೆ ಮೂಲ ಫೋಟೊವನ್ನು ಮುಟ್ಟದೆ ಬೇರೆ ಕಡೆ ಇಟ್ಟು, ಅದರ ನಕಲಿಗೆ ಕತ್ತರಿ ಹಾಕಿ. ಮನುಷ್ಯರನ್ನು ಮಂಡಿಯಲ್ಲಿ, ಮಣಿಕಟ್ಟಿನಲ್ಲಿ, ಪಾದದ ಗಂಟಿನಲ್ಲಿ ಕತ್ತರಿಸಿದರೆ ಅಂಗಹೀನರ ಹಾಗೆ ಕಾಣುತ್ತಾರೆ. ಸೊಂಟದ ಹತ್ತಿರವೋ ಎದೆಯ ಹತ್ತಿರವೋ ಕತ್ತರಿಸಿದರೆ ಕಣ್ಣಿಗೆ ಹಿತ.

ಇನ್ನೊಂದು ಅನಾಹುತ, ಎಳೆಯುವುದು! ಪುಟದಲ್ಲಿ ಜಾಗ ಅಗಲ ಇದೆ, ಫೋಟೊ ಉದ್ದ ಇದೆ. ಏನು ಮಾಡ್ತಾರೆ? ಪಕ್ಕದ ಅಂಚು ಹಿಡಿದು ಎಳೀತಾರೆ. ಕಲ್ಪನಾ ಅವರಂಥ ಚೆಲುವೆಯ ಮುಖ ಕುಂಬಳಕಾಯಿ! ಸಿನಿಮಾಸ್ಕೋಪ್ ರೀಲನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಇದರ ತಮಾಷೆ ಗೊತ್ತು. ಅದರೊಳಗೆ ಎಲ್ಲರೂ ಕಡ್ಡಿ ಪೈಲ್ವಾನರು, ಉದ್ದುದ್ದ, ಸಣ್ಣಸಣ್ಣ. ಕ್ಯಾಮೆರಾದ ಮಸೂರ ಚಿತ್ರವನ್ನು ಅಡ್ಡಲಾಗಿ ಅರ್ಧಕ್ಕೆ ಹಿಸುಕಿರುತ್ತದೆ, ಪ್ರೊಜೆಕ್ಟರಿನ ಮಸೂರ ಅದನ್ನು ಮತ್ತೆ ಎರಡರಷ್ಟು ಹರಡುತ್ತದೆ. ಕನ್ನಡಕ್ಕೆ 1977ರಲ್ಲಿ ‘ಸೊಸೆ ತಂದ ಸೌಭಾಗ್ಯ’ದ ಮೂಲಕ ಬಂದದ್ದು ಈ ವಿದ್ಯೆಯೇ. ಅಲ್ಲಿ ಹಿಸುಕಿದ್ದನ್ನು ಸರಿಯಾಗಿ ಬಿಚ್ಚುವ ಮಸೂರ ಇದೆ. ನೀವು ಎಳೆದ ಫೋಟೊಗೆ ಯಾವ ಮಸೂರ ತರೋಣ? ಮೂಲೆ ಹಿಡಿದು ಹಿಗ್ಗಿಸಿ, ಕುಗ್ಗಿಸಿ. ಪಕ್ಕ ಹಿಡಿಯಬೇಡಿ.

ಅಳತೆಯ ಲೆಕ್ಕಕ್ಕೆ ಬರೋಣ. ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್ ಅಂದರೆ ಸುಮಾರು 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿ ಬೇಕು. ಭಾಗಿಸಿ ನೋಡಿ, 13 ಅಂಗುಲ ಅಗಲಕ್ಕೆ ಧಾರಾಳ. ಅದೇ ಫೋಟೊ ವಾಟ್ಸಾಪಿನಲ್ಲಿ ಸಾಮಾನ್ಯ ದಾರಿಯಲ್ಲಿ ಹೋದರೆ ಸುಮಾರು 1600 ಚುಕ್ಕಿಗೆ ಇಳಿಯುತ್ತದೆ, ಅಂದರೆ ಐದು ಅಂಗುಲ ಚಿಲ್ಲರೆ. ಸ್ಮರಣ ಸಂಚಿಕೆಯ ಮುಖಪುಟಕ್ಕೆ ಅದು ಸಾಲದು. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ತೆರೆಯ ಮೇಲೆ ನೋಡುವುದಕ್ಕೆ ಮಾತ್ರ ಆದರೆ 1200 ಚುಕ್ಕಿ ಅಗಲ ಸಾಕೋ ಸಾಕು. ಪೂರ್ತಿ ಗಾತ್ರದ ಹತ್ತು ಫೋಟೊ ತುರುಕಿದರೆ ಹಳ್ಳಿಯ ಕಡೆಯ ಓದುಗನ ಫೋನಿನಲ್ಲಿ ಅದು ತೆರೆಯುವಷ್ಟರಲ್ಲಿ ಇಂಟರ್‌ವಲ್ ಬಂದಿರುತ್ತೆ. ಜೆಪೆಗ್ ಫೋಟೊವನ್ನು ತಿದ್ದಿ ಉಳಿಸಿ, ಮತ್ತೆ ತೆರೆದು ತಿದ್ದಿ ಉಳಿಸಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಬಿ ಸೆಂಟರಿನಿಂದ ಸಿ ಸೆಂಟರಿಗೆ ಹೋದ ಪ್ರಿಂಟಿನ ಹಾಗೆ!

ಹಳೇ ಪತ್ರಿಕೆಯಲ್ಲಿ ಅಚ್ಚಾದ ಫೋಟೊವನ್ನೇ ಮತ್ತೆ ಹಿಡಿದು ಹಾಕುವವರಿಗೆ ಒಂದು ಕಿವಿಮಾತು. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಅಂಗುಲಕ್ಕೆ 65 ಸಾಲಿನಷ್ಟು ದಪ್ಪ ಚುಕ್ಕಿಗಳಲ್ಲಿ ಫೋಟೊ ಮುದ್ರಿಸುತ್ತಿದ್ದರು. ಅದನ್ನು ಸ್ಕ್ಯಾನ್ ಮಾಡಿದರೆ ಆ ಚುಕ್ಕಿಗೂ ಯಂತ್ರದ ಚುಕ್ಕಿಗೂ ಜಗಳ ಹತ್ತಿ ಮುಖದ ಮೇಲೆಲ್ಲ ಅಲೆಅಲೆಯ ಗೆರೆ ಬರುತ್ತದೆ. ಅಂಥದ್ದನ್ನು ಚಿಕ್ಕದಾಗಿ ಹಾಕಿ, ಗೆರೆ ಅಡಗುತ್ತದೆ. ಹಿಗ್ಗಿಸಿದರೆ ಕೆಟ್ಟಿರಿ.

ಜಾಗ ಎಲ್ಲಿ? ಮುಖ ಎಡಕ್ಕೆ ನೋಡುತ್ತಿದ್ದರೆ ಫೋಟೊ ಬಲಗಡೆ ಇರಲಿ, ಬಲಕ್ಕೆ ನೋಡುತ್ತಿದ್ದರೆ ಎಡಗಡೆ. ನಾಯಕಿ ಬರಹದ ಕಡೆ ನೋಡಬೇಕು, ಪುಟದಿಂದ ಹೊರಗೆ ಬಸ್ಸಿಗೆ ಕಾಯುವವಳ ಹಾಗೆ ನೋಡಬಾರದು. ಇದಕ್ಕಾಗಿ ಕೆಲವರು ಫೋಟೊವನ್ನೇ ಕನ್ನಡಿಯ ಹಾಗೆ ತಿರುಗಿಸಿಬಿಡ್ತಾರೆ. ಸೆರಗು ಬಲಭುಜಕ್ಕೆ ಹೋಗುತ್ತೆ, ಜೇಬು ಬಲಕ್ಕೆ ಬರುತ್ತೆ, ಹಿಂದಿನ ಬೋರ್ಡಿನ ಅಕ್ಷರ ತಲೆಕೆಳಗಾಗದಿದ್ದರೂ ಹಿಂದುಮುಂದಾಗುತ್ತೆ. ಅಭಿಮಾನಿಗಳ ಕಣ್ಣು ತಪ್ಪಿಸೋದಕ್ಕೆ ಆಗುತ್ತಾ? ಫೋಟೊದ ಎರಡೂ ಬದಿಗೆ ಅಕ್ಷರ ಹರಿಸುವ ಚೆಲ್ಲಾಟವೂ ಬೇಡ. ಕನ್ನಡದ ಪದಗಳು ಉದ್ದ. ಕಿರಿದಾದ ಸಂದಿಯಲ್ಲಿ ಸಾಲಿಗೆ ಎರಡೇ ಪದ ಕೂತು ನಡುವೆ ಹೊಂಡ ಬೀಳುತ್ತದೆ.

ಇವೆಲ್ಲ ಬಿಡಿ. ನನಗೆ ನಿಜವಾಗಿ ಸಂಕಟ ಆಗುವುದು ಕೆಳಗಿನ ಸಾಲಿಲ್ಲದ ಫೋಟೊ ಕಂಡಾಗ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. 1934ರ ಮಾರ್ಚ್ 3ರಂದು ತೆರೆಗೆ ಬಂತು. ವೈ. ವಿ. ರಾವ್ ನಿರ್ದೇಶನ, ಚಿತ್ರೀಕರಣ ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಆ ಚಿತ್ರದ ಪ್ರತಿ ಇವತ್ತು ಇಲ್ಲ ಸ್ವಾಮಿ, ಕಳೆದುಹೋಗಿದೆ! ನಾಗೇಂದ್ರರಾಯರ ರಾವಣ ಹೇಗೆ ಗುಡುಗಿದ ಅಂತ ಕೇಳುವ ಭಾಗ್ಯ ನಮಗಿಲ್ಲ. ಉಳಿದಿರುವುದು ಬೆರಳೆಣಿಕೆಯ ಸ್ಥಿರಚಿತ್ರ, ಒಂದಿಷ್ಟು ಕಾಗದಪತ್ರ. ಒಂದು ಇಡೀ ಸಿನಿಮಾ ಹೋಗಿ ಅದರ ಫೋಟೊ ಮಾತ್ರ ಉಳಿದಾಗ, ಆ ಫೋಟೊದ ಕೆಳಗೆ ಎಡದಿಂದ ಬಲಕ್ಕೆ ಯಾರು ಯಾರು ಅಂತ ಬರೆದ ಸಾಲೇ ಚರಿತ್ರೆ. ಆ ಸಾಲು ಇಲ್ಲದೆ ಹೋದರೆ ಕಿರೀಟ ಹಾಕಿದ ನಾಲ್ಕು ಜನ, ಅಷ್ಟೇ. ಯಾವ ನಾಟಕ ಕಂಪನಿಯವರೋ ಏನೋ!

ಹಾಗಾಗಿ ‘ಒಂದು ಮಧುರ ಕ್ಷಣ’, ‘ಸುವರ್ಣ ನೆನಪು’ ಅಂತ ಬರೆಯುವುದನ್ನು ಬಿಟ್ಟುಬಿಡಿ. ಮಧುರವೋ ಅಲ್ಲವೋ ನೋಡುವವನಿಗೆ ಗೊತ್ತಾಗುತ್ತೆ. ಯಾರು, ಯಾವ ಚಿತ್ರ, ಯಾವ ವರ್ಷ, ಎಲ್ಲಿ, ಫೋಟೊ ತೆಗೆದವರು ಯಾರು... ಇಷ್ಟು ಬೇಕು. ಆಗಿನ ಹೆಸರನ್ನೂ ಬರೆಯಿರಿ. ಮುತ್ತುರಾಜ್, ಸಂಪತ್ ಕುಮಾರ್, ಶಿವಾಜಿರಾವ್ ಗಾಯಕ್ವಾಡ್ ಎಂಬ ಹೆಸರುಗಳನ್ನು ಹುಡುಕುತ್ತಾ ಬರುವವರೂ ಇರುತ್ತಾರೆ. ಗೊತ್ತಿಲ್ಲದವರ ಜಾಗದಲ್ಲಿ ‘ಗುರುತು ಸಿಕ್ಕಿಲ್ಲ’ ಅಂತ ಧೈರ್ಯವಾಗಿ ಬರೆಯಿರಿ, ಊಹೆಯ ಹೆಸರು ಹಾಕಬೇಡಿ. ಒಬ್ಬರು ಹಾಕಿದ ತಪ್ಪು ಹೆಸರು ನೂರು ಜನರ ಕೈಯಲ್ಲಿ ನಕಲಾಗಿ ಕೊನೆಗೆ ಅದೇ ಸತ್ಯ ಅನ್ನಿಸಿಕೊಳ್ಳುತ್ತದೆ. ಮತ್ತೆ, ಕಣ್ಣು ಕಾಣದ ಅಭಿಮಾನಿಗಳಿಗೆ ಫೋನು ಓದಿ ಹೇಳಲಿ ಅಂತ ಚಿತ್ರದ ವಿವರ ಬರೆಯುವ ಜಾಗವನ್ನು ಅನೇಕ ಕಡೆ ಕೊಟ್ಟಿರುತ್ತಾರೆ. ಅದನ್ನು ಖಾಲಿ ಬಿಡಬೇಡಿ.

ಈಗಿನ ಹೊಸ ಚಾಳಿ ಫೋಟೊವನ್ನು ‘ಹೊಸದು’ ಮಾಡುವುದು. ಗುಂಡಿ ಒತ್ತಿದರೆ ಕಪ್ಪು ಬಿಳುಪಿಗೆ ಬಣ್ಣ, ಮಸುಕು ಮುಖಕ್ಕೆ ಹೊಳಪು. ಬಣ್ಣ ಹಚ್ಚುವುದು ತಪ್ಪೇನಲ್ಲ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಬಂದವು, ಜನ ಶಿಳ್ಳೆ ಹೊಡೆದು ನೋಡಿದರು. ಆದರೆ ಬಣ್ಣ ಹಚ್ಚಿದ್ದೇವೆ ಅಂತ ಹೇಳಿಯೇ ತೋರಿಸಿದರು. ಫೋನಿನ ಯಂತ್ರಕ್ಕೆ ಆ ಸೀರೆ ಹಸಿರೋ ಕೆಂಪೋ ಗೊತ್ತಿಲ್ಲ, ಊಹಿಸುತ್ತದೆ. ಮಸುಕಾದ ಮುಖ ಕೊಟ್ಟರೆ ತಾನು ಕಂಡ ಲಕ್ಷಾಂತರ ಮುಖಗಳ ಲೆಕ್ಕದಲ್ಲಿ ಕಣ್ಣು, ಹಲ್ಲು, ಮೂಗನ್ನು ತಾನೇ ಕೂರಿಸುತ್ತದೆ. ನೋಡಲು ಚೆಂದ, ಆದರೆ ಅದು ಆ ಮನುಷ್ಯನ ಮುಖವಲ್ಲ! ಬದುಕಿರುವ ತಾರೆಗಾದರೆ ಹೋಲಿಸಿ ನೋಡಬಹುದು. 1934ರ ತ್ರಿಪುರಾಂಬ ಅವರಿಗೆ ಯಂತ್ರ ಬೇರೆ ಮೂಗು ಕೊಟ್ಟರೆ ಅಲ್ಲ ಅನ್ನಲು ಯಾರಿದ್ದಾರೆ? ಮಾಡಲೇಬೇಕಿದ್ದರೆ ‘ಬಣ್ಣ ಹಚ್ಚಿದ್ದು’, ‘ಯಂತ್ರದಿಂದ ತಿದ್ದಿದ್ದು’ ಅಂತ ಕೆಳಗೆ ಬರೆದು, ಪಕ್ಕದಲ್ಲೇ ಮೂಲವನ್ನೂ ಇಡಿ.

ಹಕ್ಕಿನ ಮಾತು ಒಂದೇ ಉಸಿರಿನಲ್ಲಿ ಹೇಳಿಬಿಡ್ತೀನಿ. ನೆಟ್ಟಿನಲ್ಲಿ ಸಿಕ್ಕಿತು ಅಂದರೆ ಬಿಟ್ಟಿ ಅಂತ ಅರ್ಥವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೊಗೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ ಅಂತ ಇತ್ತು. 2012ರ ತಿದ್ದುಪಡಿಯ ನಂತರ ಫೋಟೊ ತೆಗೆದವರ ಜೀವಮಾನ ಮತ್ತು ಅದರ ಮೇಲೆ 60 ವರ್ಷ. ತೆಗೆದವರೋ ಅವರ ಮನೆಯವರೋ ಸಿಕ್ಕರೆ ಒಂದು ಮಾತು ಕೇಳಿ, ಅವರ ಹೆಸರು ಹಾಕಿ. ಫೋಟೊದ ಹಣೆಯ ಮೇಲೆ ನಿಮ್ಮ ಸಂಘದ ಮೊಹರು ಒತ್ತುವ ಕೆಟ್ಟ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ನಿಮ್ಮದಲ್ಲದ ಫೋಟೊಗೆ ನಿಮ್ಮ ಮೊಹರು ಯಾಕೆ ಸ್ವಾಮಿ?

ಮನೆಯ ಹಳೇ ಆಲ್ಬಮ್ಮಿನಲ್ಲಿ ಅಂಟಿಸಿದ ಫೋಟೊಗಳಿದ್ದರೆ ಬಲವಂತವಾಗಿ ಕೀಳಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ಪೋಸ್ಟ್‌ಕಾರ್ಡ್ ಅಳತೆಯದಾದರೆ ಅಂಗುಲಕ್ಕೆ 600 ಚುಕ್ಕಿ ಇರಲಿ. ಬಿಡಿ ಫೋಟೊ ಆದರೆ ಬೆನ್ನು ತಿರುಗಿಸಿ ನೋಡಿ. ಸ್ಟುಡಿಯೋದ ನೇರಳೆ ಮುದ್ರೆ, ಪೆನ್ಸಿಲಿನಲ್ಲಿ ಗೀಚಿದ ತಾರೀಖು, ಬ್ಲಾಕು ಮಾಡುವವನಿಗೆ ಬರೆದ ಅಳತೆ, ‘ಬಲಗಡೆ ಇಬ್ಬರು ಬೇಡ’ ಅಂತ ಯಾರೋ ಎಳೆದ ಗೀಟು... ಏನಾದರೂ ಇದ್ದೇ ಇರುತ್ತದೆ. ಆ ಬೆನ್ನನ್ನೂ ಸ್ಕ್ಯಾನ್ ಮಾಡಿ, ಮುಖದ ಜೊತೆಗೇ ಇಡಿ.