ವೆರೋನಾದ ಅಪ್ಪಂದಿರು

ರೋಮಿಯೋ ಜೂಲಿಯೆಟ್ ಯಾಕೆ ಸತ್ತರು ಎಂದು ಯಾರನ್ನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ಎರಡು ಮನೆತನಗಳ ಹಗೆ. ಸ್ವಲ್ಪ ಭಾವುಕರಾದವರು ವಿಧಿಯನ್ನೂ ಸೇರಿಸುತ್ತಾರೆ. ಎರಡಕ್ಕೂ ನಾಟಕದ ಪೀಠಿಕೆಯಲ್ಲೇ ಆಧಾರವಿದೆ. ಪರದೆ ಸರಿಯುವ ಮೊದಲೇ ಸೂತ್ರಧಾರನಂಥ ಒಬ್ಬ ಬಂದು, ಇವರ ಗ್ರಹಗತಿ ಕೆಟ್ಟಿತ್ತು, ಹಿರಿಯರ ಹಳೇ ವೈರ ಇವರನ್ನು ತಿಂದಿತು, ಇವರ ಸಾವಿನಿಂದ ಆ ವೈರ ತೀರಿತು ಎಂದು ಹೇಳಿ ಹೋಗುತ್ತಾನೆ. ಆದರೆ ಪೀಠಿಕೆಯನ್ನು ಬದಿಗಿಟ್ಟು ಮುಂದಿನ ಐದು ಅಂಕಗಳನ್ನೇ ಓದಿದರೆ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ. ಜೂಲಿಯೆಟ್ಟಳ ಕೊರಳಿಗೆ ಬಿದ್ದ ಉರುಳು ಹೊರಗಿನ ಶತ್ರುವಿನದಲ್ಲ, ಸ್ವಂತ ಮನೆಯದು ಎಂಬುದು ನನ್ನ ವಾದ. ಹಗೆ ಆ ಉರುಳನ್ನು ಬಿಗಿ ಮಾಡಿತು, ಅಷ್ಟೆ.

ಮೊದಲಿಗೆ ಈ ಹಗೆಯನ್ನೇ ನೋಡೋಣ. ಮಾಂಟೆಗ್ಯೂ, ಕ್ಯಾಪುಲೆಟ್ ಮನೆತನಗಳು ಯಾತಕ್ಕೆ ಜಗಳವಾಡಿದವು? ನಾಟಕದಲ್ಲಿ ಎಲ್ಲೂ ಹೇಳಿಲ್ಲ. ಯಾವುದೋ ಪೊಳ್ಳು ಮಾತಿನಿಂದ ಬೀದಿಯಲ್ಲಿ ಮೂರು ಸಲ ಹೊಡೆದಾಟವಾಯಿತು ಎಂದು ವೆರೋನಾದ ದೊರೆ ಬೈಯುತ್ತಾನೆ, ಅದಕ್ಕಿಂತ ಹೆಚ್ಚಿನ ವಿವರ ಅವನ ಬಳಿಯೂ ಇಲ್ಲ. ಆಸ್ತಿಯ ತಕರಾರಿಲ್ಲ, ಹಳೆಯ ಕೊಲೆಯ ಸೇಡಿಲ್ಲ. ಮೊದಲ ದೃಶ್ಯದಲ್ಲಿ ಜಗಳ ತೆಗೆಯುವವರು ಯಜಮಾನರಲ್ಲ, ಆಳುಗಳು. ಅವರ ಬಾಯಲ್ಲಿ ಬರುವ ಪೌರುಷದ ಮಾತು ಶತ್ರುವಿನ ಗಂಡಸರನ್ನು ಬಡಿಯುವುದರಲ್ಲಿ ಶುರುವಾಗಿ, ಆ ಮನೆಯ ಹೆಣ್ಣಾಳುಗಳ ಮಾನ ಕಳೆಯುವುದರಲ್ಲಿ ಮುಗಿಯುತ್ತದೆ. ಷೇಕ್ಸ್‌ಪಿಯರ್ ಇದನ್ನು ಬರಿಯ ನಗೆಗಾಗಿ ಇಟ್ಟನೆಂದು ನನಗನ್ನಿಸುವುದಿಲ್ಲ. ಹಗೆ ಎಂಬುದು ಗಂಡಸರ ನಡುವಿನ ಆಟ, ಹೆಂಗಸರು ಅದರ ಪಣ ಎಂಬುದು ನಾಟಕ ಶುರುವಾಗಿ ಎರಡು ನಿಮಿಷಕ್ಕೇ ಗೊತ್ತಾಗುತ್ತದೆ.

ಯಜಮಾನರಿಗಂತೂ ಹಗೆ ಸಾಕಾಗಿಹೋಗಿದೆ. ದೊರೆ ಎಚ್ಚರಿಕೆ ಕೊಟ್ಟ ಮೇಲೆ ಮುದಿ ಕ್ಯಾಪುಲೆಟ್, ನಮ್ಮಂಥ ವಯಸ್ಸಾದವರಿಗೆ ಶಾಂತಿಯಿಂದಿರುವುದು ಕಷ್ಟವೇನಲ್ಲ ಎನ್ನುತ್ತಾನೆ. ಅದೇ ರಾತ್ರಿ ಅವನ ಮನೆಯ ಔತಣಕ್ಕೆ ರೋಮಿಯೋ ಮುಖವಾಡ ಹಾಕಿಕೊಂಡು ಬಂದಿದ್ದಾನೆಂದು ತಿಳಿದು ಸೋದರಳಿಯ ಟಿಬಾಲ್ಟ್ ಕತ್ತಿ ತರಲು ಹೇಳಿದಾಗ, ಅವನನ್ನು ಗದರಿಸಿ ಕೂರಿಸುವವನೂ ಇದೇ ಕ್ಯಾಪುಲೆಟ್. ಅಷ್ಟಕ್ಕೇ ನಿಲ್ಲದೆ, ಆ ಹುಡುಗ ಒಳ್ಳೆಯವನು, ಊರೇ ಅವನನ್ನು ಹೊಗಳುತ್ತದೆ ಎಂದೂ ಹೇಳುತ್ತಾನೆ. ಶತ್ರುವಿನ ಮಗನ ಬಗ್ಗೆ ಒಬ್ಬ ಅಪ್ಪ ಇದಕ್ಕಿಂತ ಒಳ್ಳೆಯ ಮಾತು ಆಡುವುದುಂಟೆ? ರೋಮಿಯೋ ಜೂಲಿಯೆಟ್ಟರ ಮದುವೆಯಿಂದ ಎರಡು ಮನೆಗಳು ಒಂದಾಗಬಹುದು ಎಂದು ಅವರಿಗೆ ಮದುವೆ ಮಾಡಿಸಿದ ಲಾರೆನ್ಸ್ ಪಾದ್ರಿ ಲೆಕ್ಕ ಹಾಕಿದ್ದು ಮೂರ್ಖತನವೇನಲ್ಲ. ಅವನ ತಪ್ಪಿರುವುದು ಆ ಲೆಕ್ಕವನ್ನು ಗುಟ್ಟಾಗಿಟ್ಟದ್ದರಲ್ಲಿ. ಯಾಕೆ ಗುಟ್ಟು? ಹಗೆಯ ಭಯ ಒಂದು ಕಾರಣವಿರಬಹುದು. ಮಗಳು ತಾನೇ ಗಂಡನನ್ನು ಆರಿಸಿಕೊಂಡಿದ್ದಾಳೆ ಎಂಬ ಸುದ್ದಿಯನ್ನು ಆ ಮನೆಯ ಬಾಗಿಲಿಗೆ ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಆ ಮನೆ ಎಂಥದ್ದು ಎಂಬುದು ಮೂರನೆಯ ಅಂಕದ ಕೊನೆಯ ದೃಶ್ಯದಲ್ಲಿ ಬಯಲಾಗುತ್ತದೆ. ಇಡೀ ನಾಟಕದ ತಿರುಳು ಇಲ್ಲಿದೆ, ಮಹಡಿಯ ಕಿಟಕಿಯ ಪ್ರಣಯದಲ್ಲಿ ಅಲ್ಲ. ಕೌಂಟ್ ಪ್ಯಾರಿಸ್ ಜೊತೆ ಗುರುವಾರ ನಿನ್ನ ಮದುವೆ ಎಂದು ತಾಯಿ ಹೇಳುತ್ತಾಳೆ, ಜೂಲಿಯೆಟ್ ಒಲ್ಲೆ ಎನ್ನುತ್ತಾಳೆ. ಅಪ್ಪನ ಸಿಟ್ಟು ನೆತ್ತಿಗೇರುತ್ತದೆ. ಚರ್ಚಿಗೆ ಎಳೆದುಕೊಂಡು ಹೋಗುತ್ತೇನೆ, ಕೈ ತುರಿಸುತ್ತಿದೆ, ಭಿಕ್ಷೆ ಬೇಡು, ಉಪವಾಸ ಬಿದ್ದು ಬೀದಿಯಲ್ಲಿ ಸಾಯಿ ಎನ್ನುತ್ತಾನೆ. ಇವಳು ಗೋರಿಯನ್ನೇ ಮದುವೆಯಾಗಲಿ ಎಂದು ಹೆತ್ತ ತಾಯಿ ಶಪಿಸುತ್ತಾಳೆ. ಎತ್ತಿ ಆಡಿಸಿದ ದಾದಿಯೂ ಕೊನೆಗೆ, ಪ್ಯಾರಿಸನನ್ನೇ ಮದುವೆಯಾಗಿಬಿಡು ಎಂದು ಬುದ್ಧಿ ಹೇಳುತ್ತಾಳೆ. ಗಮನಿಸಬೇಕಾದದ್ದು ಇಷ್ಟು: ಇಷ್ಟು ಬೈಯುವಾಗ ಅಪ್ಪ ಅಮ್ಮ ಇಬ್ಬರಿಗೂ ಮಗಳು ರೋಮಿಯೋನನ್ನು ಮದುವೆಯಾಗಿರುವುದು ಗೊತ್ತೇ ಇಲ್ಲ. ಮಾಂಟೆಗ್ಯೂ ಸಂಬಂಧ ಎಂಬ ಕಾರಣಕ್ಕೆ ಅವರು ಕೆರಳಿದ್ದಲ್ಲ. ಅವಳು ಒಲ್ಲೆ ಎಂದಳು, ಅದಕ್ಕೆ ಕೆರಳಿದರು. ಅವಳು ಬೀದಿಯಾಚೆಯ ಬೇರೆ ಯಾವ ಸಜ್ಜನರ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಒಲ್ಲೆ ಎಂದಿದ್ದರೂ, ಯಾರನ್ನೂ ಇಟ್ಟುಕೊಳ್ಳದೆಯೇ ಒಲ್ಲೆ ಎಂದಿದ್ದರೂ ಕೇಳಬೇಕಾಗಿದ್ದ ಮಾತುಗಳು ಇವೇ.

ಹಗೆ ಇರದಿದ್ದರೆ ರೋಮಿಯೋ ಹೆಣ್ಣು ಕೇಳಲು ಮುಂಬಾಗಿಲಿಂದಲೇ ಬರಬಹುದಿತ್ತಲ್ಲ ಎಂದು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ, ತಳ್ಳಿಹಾಕುವಂತಿಲ್ಲ. ಬಂದಿದ್ದರೆ ಅಪ್ಪ ಒಪ್ಪುತ್ತಲೂ ಇದ್ದನೇನೋ. ಆದರೆ ಆಗಲೂ ಒಪ್ಪುವವನು ಅಪ್ಪನೇ. ಮೊದಲ ಅಂಕದಲ್ಲಿ ಇದೇ ಕ್ಯಾಪುಲೆಟ್ ಪ್ಯಾರಿಸನಿಗೆ, ಅವಳು ಇನ್ನೂ ಚಿಕ್ಕವಳು, ಎರಡು ವರ್ಷ ಕಾಯಿ, ಅವಳ ಮನಸ್ಸು ಗೆಲ್ಲು, ಅವಳು ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ ಎಂದಿದ್ದ. ಎಷ್ಟು ಉದಾರಿ ಎನ್ನಿಸುತ್ತದೆ! ಮೂರನೆಯ ಅಂಕದ ಹೊತ್ತಿಗೆ ಅವಳನ್ನು ಒಂದು ಮಾತೂ ಕೇಳದೆ ದಿನ ಗೊತ್ತುಮಾಡುತ್ತಾನೆ, ನಾನು ಹೇಳಿದ ಹಾಗೆ ಕೇಳುತ್ತಾಳೆ ಎಂದು ಭರವಸೆ ಕೊಡುತ್ತಾನೆ. ನಡುವೆ ಆದದ್ದೇನು? ಟಿಬಾಲ್ಟ್ ಸತ್ತ. ಕ್ಯಾಪುಲೆಟ್ ಮನೆಯ ಬಲಗೈ ಮುರಿಯಿತು. ಪ್ಯಾರಿಸ್ ದೊರೆಯ ನೆಂಟ. ಇಂಥ ಹೊತ್ತಿನಲ್ಲಿ ಆ ಸಂಬಂಧ ಬೆಳೆಸಿದರೆ ಮನೆತನಕ್ಕೊಂದು ಆಸರೆಯಾಗುತ್ತದೆ ಎಂದು ಮುದುಕ ಎಣಿಸಿರಬೇಕು. ಇದು ನನ್ನ ಊಹೆ, ನಾಟಕದಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಊಹೆ ಸರಿಯಾದರೆ ಹಗೆಗೂ ಯಜಮಾನಿಕೆಗೂ ಇರುವ ನಂಟು ತಿಳಿಯುತ್ತದೆ: ಹೊರಗೆ ಜಗಳ ಜೋರಾದಾಗ ಮನೆಯೊಳಗೆ ಮೊದಲು ರದ್ದಾಗುವುದು ಮಗಳ ಒಪ್ಪಿಗೆ. ಶಾಂತಿಯ ದಿನಗಳಲ್ಲಿ ಅಪ್ಪ ದಯಪಾಲಿಸಿದ್ದನ್ನು ಕಷ್ಟದ ದಿನದಲ್ಲಿ ಅಪ್ಪನೇ ಹಿಂದಕ್ಕೆ ಪಡೆಯುತ್ತಾನೆ.

ಗಂಡುಮಕ್ಕಳ ಪಾಡೂ ಬೇರೆಯಲ್ಲ. ಗುಟ್ಟಾಗಿ ಮದುವೆಯಾಗಿ ಬಂದ ರೋಮಿಯೋ ಟಿಬಾಲ್ಟನ ಸವಾಲಿಗೆ ಉತ್ತರವಾಗಿ, ನಿನ್ನ ಮೇಲೆ ನನಗೆ ಪ್ರೀತಿಯೇ ಇದೆ ಎನ್ನುತ್ತಾನೆ. ಅವನು ಇಡೀ ನಾಟಕದಲ್ಲಿ ಮಾಡಿದ ದೊಡ್ಡ ಕೆಲಸ ಇದು. ಗೆಳೆಯ ಮರ್ಕ್ಯೂಷಿಯೋಗೆ ಅದು ಹೇಡಿತನವಾಗಿ ಕಂಡಿತು, ತಾನೇ ಕತ್ತಿ ಹಿರಿದು ಟಿಬಾಲ್ಟನ ಕೈಯಲ್ಲಿ ಸತ್ತ. ಮರ್ಕ್ಯೂಷಿಯೋ ಮಾಂಟೆಗ್ಯೂ ಕುಲದವನಲ್ಲ, ಕ್ಯಾಪುಲೆಟ್ ಕುಲದವನೂ ಅಲ್ಲ. ವೈರ ಅವನದಲ್ಲ, ಮೀಸೆ ಮಾತ್ರ ಅವನದು. ಮರುಗಳಿಗೆಯಲ್ಲಿ ರೋಮಿಯೋ, ಜೂಲಿಯೆಟ್ಟಳ ಚೆಲುವು ತನ್ನನ್ನು ಹೆಣ್ಣಿಗನನ್ನಾಗಿ ಮಾಡಿತೆಂದು ಹಲುಬಿ ಟಿಬಾಲ್ಟನನ್ನು ಕೊಲ್ಲುತ್ತಾನೆ. ಅಪ್ಪನ ಪಾಠ ಒಂದು ರಾತ್ರಿಯ ಪ್ರೀತಿಯಿಂದ ಅಳಿಸಿಹೋಗಿರಲಿಲ್ಲ.

ಇನ್ನು ವಿಧಿ. ಮದುವೆ ತಪ್ಪಿಸಲು ಜೂಲಿಯೆಟ್ ಮದ್ದು ಕುಡಿದು ಸತ್ತಂತೆ ಮಲಗುವ ಉಪಾಯವನ್ನು ತಿಳಿಸುವ ಪಾದ್ರಿಯ ಪತ್ರ ಗಡಿಪಾರಾಗಿದ್ದ ರೋಮಿಯೋಗೆ ತಲುಪಲಿಲ್ಲ, ಒಯ್ಯುತ್ತಿದ್ದವನನ್ನು ಪ್ಲೇಗಿನ ಶಂಕೆಯ ಮೇಲೆ ಒಂದು ಮನೆಯಲ್ಲಿ ಕೂಡಿಹಾಕಿದರು. 1592ರಿಂದ 94ರವರೆಗೆ ಪ್ಲೇಗಿನ ದೆಸೆಯಿಂದ ಲಂಡನ್ನಿನ ರಂಗಮಂದಿರಗಳು ಬಹುಪಾಲು ಮುಚ್ಚಿದ್ದವು, ಆ ಪ್ರೇಕ್ಷಕರಿಗೆ ಇದು ಕಟ್ಟುಕಥೆಯಾಗಿ ಕಂಡಿರಲಾರದು. ಇದು ಆಕಸ್ಮಿಕ, ಒಪ್ಪೋಣ. ಆದರೆ ಒಂದು ಹುಡುಗಿಯ ಜೀವ ಒಂದೇ ಪತ್ರಕ್ಕೆ ಜೋತುಬೀಳುವ ಹಾಗೆ ಮಾಡಿದ್ದು ಯಾರು? ಜೂಲಿಯೆಟ್ ಪಾದ್ರಿಯ ಉಪಾಯದಂತೆ ಮನೆಗೆ ಬಂದು, ಅಪ್ಪನ ಕಾಲಿಗೆ ಬಿದ್ದು, ನೀನು ಹೇಳಿದಂತೆ ಆಗಲಿ ಎಂದು ನಟಿಸುತ್ತಾಳೆ. ಖುಷಿಯಾದ ಅಪ್ಪ ಮದುವೆಯನ್ನು ಗುರುವಾರದಿಂದ ಬುಧವಾರಕ್ಕೆ ತಂದುಬಿಡುತ್ತಾನೆ. ಒಂದು ದಿನ ಕೈತಪ್ಪಿತು. ಆ ದಿನ ಇದ್ದಿದ್ದರೆ ಎರಡನೆಯ ಪತ್ರಕ್ಕೆ ಅವಕಾಶವಿರುತ್ತಿತ್ತು. ಅಪ್ಪನ ಸಿಟ್ಟಿನಷ್ಟೇ ಅಪ್ಪನ ಸಂತೋಷವೂ ಅವಳಿಗೆ ಮುಳುವಾಯಿತು, ಯಾಕೆಂದರೆ ಎರಡರಲ್ಲೂ ತೀರ್ಮಾನ ಅವನದೇ.

ಇದೆಲ್ಲ ನಮ್ಮ ಕಾಲದ ಕಣ್ಣಿನ ವ್ಯಾಖ್ಯಾನ ಎನ್ನುವವರಿಗೆ, ಷೇಕ್ಸ್‌ಪಿಯರ್ ತನ್ನ ಆಕರವನ್ನು ತಿದ್ದಿದ ಬಗೆಯನ್ನು ತೋರಿಸಬೇಕು. ಕಥೆ ಇಟಲಿಯದು. ಅದು ಫ್ರೆಂಚ್ ಮೂಲಕ ಇಂಗ್ಲೆಂಡಿಗೆ ಬಂತು, 1562ರಲ್ಲಿ ಆರ್ಥರ್ ಬ್ರೂಕ್ ಅದನ್ನು ದೀರ್ಘ ಕಾವ್ಯವಾಗಿ ಬರೆದ. ಹಿರಿಯರ ಮಾತು ಮೀರಿ, ಸನ್ಯಾಸಿಗಳನ್ನೂ ಹರಟೆಮಲ್ಲಿಯರನ್ನೂ ನಂಬಿ ಕೆಟ್ಟ ಪ್ರೇಮಿಗಳ ಕಥೆ ಇದು ಎಂದು ಬ್ರೂಕ್ ಓದುಗರಿಗೆ ಮುನ್ನುಡಿಯಲ್ಲೇ ಎಚ್ಚರಿಕೆ ಕೊಡುತ್ತಾನೆ. ಸುಮಾರು 1595ರಲ್ಲಿ ಷೇಕ್ಸ್‌ಪಿಯರ್ ಆ ಬುದ್ಧಿಮಾತನ್ನು ಕಿತ್ತೆಸೆದ. ತಿಂಗಳುಗಟ್ಟಲೆ ನಡೆಯುತ್ತಿದ್ದ ಕಥೆಯನ್ನು ಭಾನುವಾರದಿಂದ ಗುರುವಾರದ ಮುಂಜಾನೆಯೊಳಗೆ ಮುಗಿಸಿದ. ಬ್ರೂಕ್‌ನಲ್ಲಿ 16 ವರ್ಷವಿದ್ದ ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ ಎಂದ. ಅಂದಿನ ಇಂಗ್ಲೆಂಡಿನಲ್ಲಿ ಹೆಣ್ಣಿಗೆ 12ಕ್ಕೆ ಮದುವೆ ಮಾಡಲು ಕಾನೂನಿನ ಅಡ್ಡಿ ಇರಲಿಲ್ಲ, ಆದರೆ ಸಾಮಾನ್ಯ ಜನರ ಹೆಣ್ಣುಮಕ್ಕಳು ಮದುವೆಯಾಗುತ್ತಿದ್ದದ್ದು 25ರ ಆಸುಪಾಸಿನಲ್ಲಿ. ಅಂದರೆ ಆ ಪ್ರೇಕ್ಷಕರಿಗೂ ಅವಳು ಎಳೆಯ ಮಗುವೇ. ಷೇಕ್ಸ್‌ಪಿಯರನ ಹಿರಿಮಗಳು ಸುಸಾನಾ ಹುಟ್ಟಿದ್ದು 1583ರಲ್ಲಿ. ನಾಟಕ ಬರೆಯುವಾಗ ಅವಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಈ ಸಾವುಗಳನ್ನು ಒಪ್ಪಿಕೊಳ್ಳುವುದು ಜನರಿಗೆ ಹಿಂದಿನಿಂದಲೂ ಕಷ್ಟವಾಗಿದೆ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಜೇಮ್ಸ್ ಹೊವರ್ಡ್ ಇಬ್ಬರನ್ನೂ ಬದುಕಿಸಿದ ಒಂದು ಪಾಠ ಸಿದ್ಧಪಡಿಸಿದ್ದ, ಒಂದು ದಿನ ಸಾವು ಮರುದಿನ ಬದುಕು ಎಂದು ಪಾಳಿಯ ಮೇಲೆ ಆಡುತ್ತಿದ್ದರಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡಕ್ಕೆ ಬಂದ ‘ರಾಮವರ್ಮ ಲೀಲಾವತಿ’ಯಲ್ಲೂ ಪ್ರೇಮಿಗಳು ದೈವಕೃಪೆಯಿಂದ ಎದ್ದು ಕೂರುತ್ತಾರೆ. ಮಂಗಳಾಂತ್ಯವನ್ನೇ ನೋಡಿ ಬಂದ ಪ್ರೇಕ್ಷಕರಿಗೆ ಅದು ಬೇಕಾಗಿತ್ತು ಎಂದು ಸಮರ್ಥಿಸಬಹುದು. ಆದರೆ ದೇವರೇ ಬಂದು ಬದುಕಿಸಿದರೆ ಅಪ್ಪಂದಿರು ಏನನ್ನೂ ಬಿಟ್ಟುಕೊಡಬೇಕಾಗಿಲ್ಲ.

ಮೂಲದಲ್ಲಾದರೂ ಅವರು ಬಿಟ್ಟುಕೊಟ್ಟದ್ದೇನು? ಮಾಂಟೆಗ್ಯೂ ಜೂಲಿಯೆಟ್ಟಳ ಚಿನ್ನದ ಪ್ರತಿಮೆ ಮಾಡಿಸುತ್ತೇನೆ ಎನ್ನುತ್ತಾನೆ. ಅಷ್ಟೇ ಬೆಲೆಯದನ್ನು ರೋಮಿಯೋಗೆ ಮಾಡಿಸುತ್ತೇನೆ ಎಂದು ಕ್ಯಾಪುಲೆಟ್. ಕಣ್ಣೀರು ಆರುವ ಮುನ್ನವೇ ಹೊಸ ಪೈಪೋಟಿ. ಕೆಲವರಿಗೆ ಕ್ಷಮೆ, ಕೆಲವರಿಗೆ ಶಿಕ್ಷೆ ಎಂದು ಹೇಳಿ ದೊರೆ ನಾಟಕ ಮುಗಿಸುತ್ತಾನೆ, ಯಾರಿಗೆ ಯಾವುದು ಎಂದು ಬಿಡಿಸಿ ಹೇಳುವುದಿಲ್ಲ. ಬ್ರೂಕ್ ಹೇಳಿದ್ದ: ದಾದಿಗೆ ಗಡಿಪಾರು, ವಿಷ ಮಾರಿದ ಬಡ ಔಷಧಿಯವನಿಗೆ ಗಲ್ಲು. ಅಪ್ಪಂದಿರ ಹೆಸರು ಆ ಪಟ್ಟಿಯಲ್ಲಿರಲಿಲ್ಲ.