ಸುಮ್ಮನಿರುವುದಕ್ಕೆ ರಜೆ

ನಮ್ಮಲ್ಲಿ ಹೆಂಗಸಾದವಳು ಯಾರ ಹೆಸರಿನಲ್ಲಿ ಬೇಕಾದರೂ ರಜೆ ಕೇಳಬಹುದು. ಅತ್ತೆಯ ಮಂಡಿನೋವು, ನಾದಿನಿಯ ಬಾಣಂತನ, ಮೈದುನನ ಗೃಹಪ್ರವೇಶ, ಮಗಳನ್ನು ನೋಡಲು ಬರುವ ಗಂಡಿನ ಕಡೆಯವರು, ಇವೆಲ್ಲಕ್ಕೂ ಹೆಡ್ ಮಾಸ್ತರು ತಲೆಯೆತ್ತದೆ ಸಹಿ ಹಾಕುತ್ತಾರೆ. ಕಾರಣ ತನ್ನದೇ ಆಗಿದ್ದು, ಅದೂ ಕಾಯಿಲೆಯಲ್ಲದ ಕಾರಣವಾಗಿದ್ದರೆ ಮಾತ್ರ ಎಲ್ಲರ ತಲೆಯೂ ಮೇಲೇಳುತ್ತದೆ. ದಸರಾ ರಜೆಗೆ ಎರಡು ದಿನ ಸಿ.ಎಲ್. ಸೇರಿಸಿಕೊಂಡು ಕೇರಳದ ಒಂದು ಟ್ರಾಪಿಸ್ಟ್ ಆಶ್ರಮದಲ್ಲಿ ಸುಮ್ಮನೆ ಇದ್ದು ಬರುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಚಹಾ ತಣ್ಣಗಾಯಿತು.

"ಮನೇಲಿ ಏನಾದ್ರೂ ಮಾತುಕತೆ ಆಯ್ತಾ ಮೇಡಂ?" ಎಂದು ಒಬ್ಬರು ತಗ್ಗಿದ ದನಿಯಲ್ಲಿ ಕೇಳಿದರು. "ನಮ್ಮಲ್ಲಿ ಮಠಗಳಿಗೇನು ಬರವೇ? ಕ್ರೈಸ್ತರ ಹತ್ರಾನೇ ಹೋಗ್ಬೇಕಾ?" ಎಂದು ಇನ್ನೊಬ್ಬರು. ಸಮಾಜ ವಿಜ್ಞಾನದ ಮಾಸ್ತರು ಮಾತ್ರ ಪುಸ್ತಕದಿಂದ ಕಣ್ಣು ತೆಗೆಯದೆ "ಅದು ಪಲಾಯನವಾದ" ಎಂದು ತೀರ್ಪು ಕೊಟ್ಟರು. ನಾನು ಬಿ.ಎ. ಓದುವ ಕಾಲದಿಂದ ಈ ಪದವನ್ನು ಕೇಳುತ್ತಿದ್ದೇನೆ. ತಮಗೆ ಹಿಡಿಸದ್ದಕ್ಕೆಲ್ಲ ಅಂಟಿಸಲು ನಮ್ಮ ಜನ ಜೇಬಿನಲ್ಲಿಟ್ಟುಕೊಂಡು ತಿರುಗುವ ಚೀಟಿ ಅದು.

ಮೊದಲು ಆ ಜಾಗ ಯಾವುದೆಂದು ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ರೈಲಿನಲ್ಲಿ ಕೊಟ್ಟಾಯಂ, ಅಲ್ಲಿಂದ ಈರಾಟ್ಟುಪೇಟೆ ದಾಟಿ ಘಟ್ಟ ಹತ್ತುವ ಬಸ್ಸು, ಕೊನೆಗೆ ವಾಗಮಣ್ ಬೆಟ್ಟಗಳ ನಡುವೆ ಕುರಿಶುಮಲ, ಅಂದರೆ ಶಿಲುಬೆಯ ಬೆಟ್ಟ. ಪಕ್ಕದಲ್ಲೇ ಮುಸ್ಲಿಮರು ನಡೆದುಕೊಳ್ಳುವ ತಂಗಳ್ ಪಾರೆ, ಇನ್ನೊಂದು ಕಡೆ ಮುರುಗನ ಬೆಟ್ಟ. ಈ ನೆರೆಹೊರೆ ನನಗೆ ಬಹಳ ಹಿಡಿಸಿತು. 1958ರಲ್ಲಿ ಬೆಲ್ಜಿಯಂನ ಟ್ರಾಪಿಸ್ಟ್ ಸನ್ಯಾಸಿ ಫ್ರಾನ್ಸಿಸ್ ಮಾಹ್ಯೂ, ಆಮೇಲೆ ಫ್ರಾನ್ಸಿಸ್ ಆಚಾರ್ಯ ಎಂದೇ ಹೆಸರಾದವರು, ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಅವರೊಂದಿಗೆ ಕೂಡಿ ಇದನ್ನು ಕಟ್ಟಿದರು. ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದಾಗ ಮೊದಲು ನೆಲೆ ಹುಡುಕಿದ್ದು ನಮ್ಮ ಬೆಂಗಳೂರಿನ ಕೆಂಗೇರಿಯಲ್ಲಿ. ಅಲ್ಲಿ ಮಠ ಕಟ್ಟುವ ಪ್ರಯತ್ನ ಕೈಗೂಡಲಿಲ್ಲ. ಆ ಕೆಂಗೇರಿಗೆ 2021ರಲ್ಲಿ ಮೆಟ್ರೋ ರೈಲೂ ಬಂತು. ಅವರು ಅಲ್ಲೇ ಉಳಿದಿದ್ದರೆ ಮೌನದ ಗತಿ ಏನಾಗುತ್ತಿತ್ತೋ ಎಂದು ನನಗೆ ಆಗಾಗ ನಗು ಬರುತ್ತದೆ. ಗ್ರಿಫಿತ್ಸ್ 1968ರಲ್ಲಿ ತಮಿಳುನಾಡಿನ ಶಾಂತಿವನಕ್ಕೆ ಹೋದರು. ಆಚಾರ್ಯರು ಮಾತ್ರ ಬೆಟ್ಟ ಬಿಡಲಿಲ್ಲ. ಅವರ ಆಶ್ರಮ 1998ರಲ್ಲಿ ಟ್ರಾಪಿಸ್ಟ್ ಪಂಥಕ್ಕೆ ಸೇರಿತು. ಅವರು 2002ರಲ್ಲಿ ತೀರಿಕೊಂಡರು.

ಟ್ರಾಪಿಸ್ಟರು ಮೌನವ್ರತ ತೊಟ್ಟವರು ಎಂಬುದೊಂದು ನಂಬಿಕೆ ಇದೆ. ಅದು ನಿಜವಲ್ಲ. 1098ರಲ್ಲಿ ಫ್ರಾನ್ಸಿನ ಸಿತೋ ಎಂಬಲ್ಲಿ ಹುಟ್ಟಿದ ಸಿಸ್ಟರ್ಸಿಯನ್ ಪಂಥವನ್ನು ಹದಿನೇಳನೆಯ ಶತಮಾನದಲ್ಲಿ ಲಾ ತ್ರಾಪ್ ಮಠದ ರಾನ್ಸೆ ಎಂಬ ಹಿರಿಯ ಬಿಗಿ ಮಾಡಿದ. ಹೆಸರು ಬಂದದ್ದು ಅಲ್ಲಿಂದ. ಒಂದೇ ಮಠದಲ್ಲಿ ಕೊನೆಯವರೆಗೆ ನೆಲೆ ನಿಲ್ಲುವುದು, ಬಾಳನ್ನು ತಿದ್ದಿಕೊಳ್ಳುತ್ತ ಹೋಗುವುದು, ವಿಧೇಯರಾಗಿರುವುದು, ಇವು ಅವರ ಪ್ರತಿಜ್ಞೆಗಳು. ಮಾತು ಬೇಕಾದಷ್ಟಕ್ಕೆ ಮಾತ್ರ. 1960ರ ದಶಕದವರೆಗೂ ಕೈಸನ್ನೆಯಲ್ಲೇ ಕೆಲಸ ಸಾಗಿಸುತ್ತಿದ್ದರಂತೆ. ಅರವತ್ತು ಮಕ್ಕಳ ಎಂಟನೇ ಕ್ಲಾಸಿಗೆ ಪಾಠ ಮಾಡುವ ನನ್ನಂಥವಳಿಗೆ ಅದನ್ನು ಕೇಳಿ ಹೊಟ್ಟೆಕಿಚ್ಚಾಯಿತು.

ಆದರೆ ನಾನು ಹೇಳಬೇಕಾದದ್ದು ಅಲ್ಲಿನ ಮೌನ ಹೇಗೆ ಆಗುತ್ತದೆ ಎಂಬುದನ್ನು. ಅದು ತಾನಾಗಿ ಆಗುವುದಿಲ್ಲ, ದುಡಿದು ಮಾಡುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೂ ಮೊದಲೇ ಎದ್ದು, ಕಾವಿ ಬಟ್ಟೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಸಿರಿಯನ್ ಸಂಪ್ರದಾಯದ ಪ್ರಾರ್ಥನೆಯನ್ನು ಹಾಡುತ್ತಾರೆ. ಬೆಳಕು ಹರಿದ ಮೇಲೆ ಕೆಲಸ. ದನಗಳ ಕೊಟ್ಟಿಗೆ ದೊಡ್ಡದು. ಹಾಲು ಕರೆಯುವುದು, ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು. ನಿಂತು ನೋಡಿದರೆ ನನ್ನ ಅಜ್ಜಿಯ ಮನೆಯ ದಿನಚರಿಯೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಸಗಣಿ ಬಾಚುವವರೂ ಪ್ರಾರ್ಥನೆ ಹಾಡುವವರೂ ಒಬ್ಬರೇ. ನಮ್ಮ ಅಜ್ಜಿಯ ಮನೆಯಲ್ಲಿ ಬಾಚಿದವರು ಒಬ್ಬರು, ದೇವರ ಮುಂದೆ ಕುಳಿತವರು ಇನ್ನೊಬ್ಬರು. ಬಂದವರಿಗೆ ಸಸ್ಯಾಹಾರದ ಊಟ. ಉಂಡ ತಟ್ಟೆ ನಾವೇ ತೊಳೆಯಬೇಕು. ಯಾರೂ ನನ್ನ ಜಾತಿ ಕೇಳಲಿಲ್ಲ, ಬೈಬಲ್ ಕೊಡಲಿಲ್ಲ, ಸಹಿ ಹಾಕಿಸಿಕೊಂಡು ಮತ ಬದಲಿಸಲಿಲ್ಲ. ಇದನ್ನು ಸ್ಟಾಫ್ ರೂಮಿನವರಿಗಾಗಿಯೇ ಬರೆಯುತ್ತಿದ್ದೇನೆ.

ಇನ್ನು ಪಲಾಯನದ ಮಾತು. 1996ರ ಮಾರ್ಚಿನಲ್ಲಿ ಅಲ್ಜೀರಿಯಾದ ಟಿಬಿರೀನ್ ಎಂಬ ಹಳ್ಳಿಯ ಮಠದಿಂದ ಏಳು ಮಂದಿ ಟ್ರಾಪಿಸ್ಟರನ್ನು ಬಂದೂಕುಧಾರಿಗಳು ಹೊತ್ತೊಯ್ದರು. ಮೇ ತಿಂಗಳಲ್ಲಿ ಅವರ ತಲೆಗಳು ಮಾತ್ರ ಸಿಕ್ಕವು. ಕೊಂದವರು ಯಾರೆಂಬ ವಾದ ಇಂದಿಗೂ ಮುಗಿದಿಲ್ಲ. ಅವರಲ್ಲಿ ಲೂಕ್ ಎಂಬ ಎಂಬತ್ತು ದಾಟಿದ ಮುದುಕ ವೈದ್ಯರಾಗಿದ್ದವರು, ದಶಕಗಳ ಕಾಲ ಸುತ್ತಲಿನ ಬಡ ಮುಸ್ಲಿಮರಿಗೆ ದುಡ್ಡಿಲ್ಲದೆ ಔಷಧ ಕೊಟ್ಟವರು. ದೇಶದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ, ಹೊರಟುಬಿಡಿ ಎಂದು ಅವರಿಗೆ ಎಚ್ಚರಿಕೆ ಬಂದಿತ್ತು. ಕುಳಿತು ಮಾತಾಡಿಕೊಂಡು, ಊರಿನವರನ್ನು ಬಿಟ್ಟು ಹೋಗುವುದಿಲ್ಲ ಎಂದು ನಿರ್ಧರಿಸಿದರು. 2018ರಲ್ಲಿ ಕ್ಯಾಥೊಲಿಕ್ ಸಭೆ ಅವರನ್ನು ಪುನೀತರೆಂದು ಸಾರಿತು. ಓಡಿಹೋಗುವವರು ಹೀಗೆ ಒಂದೇ ಕಡೆ ಕುಳಿತು ಸಾಯುತ್ತಾರೆಯೇ? ಮಾಸ್ತರು ಉತ್ತರ ಹೇಳಲಿ.

ಹಾಗಂತ, ಒಬ್ಬ ಟೀಚರು ನಾಲ್ಕು ದಿನ ಸುಮ್ಮನಿರುವುದನ್ನು ಸಮರ್ಥಿಸಲು ಏಳು ಹುತಾತ್ಮರನ್ನು ಸಾಕ್ಷಿಗೆ ಕರೆಯಬೇಕಾಗಿ ಬಂದದ್ದೇ ನನಗೆ ಅಸಹ್ಯ. ಅಯ್ಯಪ್ಪ ಮಾಲೆ ಹಾಕಿದ ಗಂಡಸರನ್ನು ಪಲಾಯನವಾದಿ ಎಂದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ನಲವತ್ತೊಂದು ದಿನ ಅವರು ವ್ರತದಲ್ಲಿರುತ್ತಾರೆ, ಚಪ್ಪಲಿ ಹಾಕುವುದಿಲ್ಲ, ಆಫೀಸಿನಲ್ಲಿ ಎಲ್ಲರೂ "ಸ್ವಾಮಿ" ಎನ್ನುತ್ತಾರೆ. ಆ ನಲವತ್ತೊಂದು ದಿನ ಚಳಿಯಲ್ಲಿ ಅವರಿಗಿಂತ ಮೊದಲೇ ಎದ್ದು, ಮಡಿಯಲ್ಲಿ ಅಡುಗೆ ಮಾಡಿ, ಇಡೀ ತಂಡಕ್ಕೆ ಭಜನೆಯ ದಿನ ಉಪ್ಪಿಟ್ಟು ಕೇಸರಿಬಾತು ಬಡಿಸುವವಳ ವ್ರತಕ್ಕೆ ಹೆಸರೂ ಇಲ್ಲ, ಮಾಲೆಯೂ ಇಲ್ಲ. ನಾನು ಹೊರಟಾಗ ಮಾತ್ರ ನೆರೆಮನೆಯವರು ನಮ್ಮ ಯಜಮಾನರನ್ನು "ಪಾಪ, ಊಟಕ್ಕೆ ಏನು ಮಾಡ್ತೀರಿ?" ಎಂದು ಕೇಳಿದ್ದೇ ಕೇಳಿದ್ದು. ಅವರು ಸಾರು ಮಾಡಲು ಬಲ್ಲವರು, ಚೆನ್ನಾಗಿಯೇ ಮಾಡುತ್ತಾರೆ. ಅದನ್ನು ಹೇಳಿದರೆ ಯಾರೂ ನಂಬಲು ಒಪ್ಪಲಿಲ್ಲ.

ನಮ್ಮಲ್ಲೇ ಮಠಗಳಿಲ್ಲವೇ ಎಂದವರಿಗೆ: ಇವೆ. ತುಮಕೂರಿನ ಸಿದ್ಧಗಂಗೆಯಂಥ ಕಡೆ ಸಾವಿರಾರು ಬಡ ಮಕ್ಕಳು ಉಂಡು ಓದಿದ್ದಾರೆ; ಆ ದಾಸೋಹವನ್ನು ಹಗುರವಾಗಿ ಆಡುವವರ ಬಾಯಿಗೆ ಹುಳ ಬೀಳಲಿ. ಅನ್ನ ಕೊಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಆದರೆ ಒಂದು ಗಂಟೆ ಮೈಕಿಲ್ಲದ ಜಾಗ ಕೊಡಿ ಎಂದರೆ ಕೈ ಆಡಿಸುತ್ತೇವೆ. ಸುಪ್ರಭಾತಕ್ಕೆ ಮೈಕು, ಸೇವಾ ಚೀಟಿಗೆ ಮೈಕು, ಕಳೆದುಹೋದ ಮಗುವಿಗೆ ಮೈಕು, ಇವೆಲ್ಲ ಮುಗಿದ ಮೇಲೆ "ದಯವಿಟ್ಟು ನಿಶ್ಶಬ್ದ ಕಾಪಾಡಿ" ಎನ್ನಲೂ ಮೈಕು.

ಅದನ್ನಾದರೂ ಹತ್ತಿಯಿಟ್ಟುಕೊಂಡು ಸಹಿಸಬಹುದು. ರೂಮಿನ ಕತೆ ಹಾಗಲ್ಲ. ಕೆಲವು ವರ್ಷಗಳ ಕೆಳಗೆ ನಮ್ಮ ನಾಡಿನದೇ ಒಂದು ಕ್ಷೇತ್ರದ ವಸತಿಗೃಹದ ಕೌಂಟರಿನಲ್ಲಿ ಬ್ಯಾಗು ಹಿಡಿದು ನಿಂತಿದ್ದೆ. "ಜೊತೇಲಿ ಯಾರಿದ್ದಾರಮ್ಮಾ?" ಎಂದರು. ಯಾರೂ ಇಲ್ಲ ಎಂದೆ. "ಒಂಟಿ ಹೆಂಗಸ್ರಿಗೆ ರೂಮು ಕೊಡೋಲ್ಲ. ಏನಾದ್ರೂ ಮಾಡ್ಕೊಂಡ್ರೆ ಜವಾಬ್ದಾರಿ ಯಾರು?" ಎಂದರು. ಹೆಂಗಸು ಒಬ್ಬಳೇ ಬಂದಿದ್ದಾಳೆಂದರೆ ಒಂದೋ ಓಡಿಬಂದವಳು, ಇಲ್ಲವೇ ಸಾಯಲು ಬಂದವಳು. ಮೂರನೆಯ ಕಾರಣ ಆ ರಿಜಿಸ್ಟರಿನಲ್ಲಿ ಇರಲಿಲ್ಲ. ನನ್ನ ಶಾಲೆಯ ಗುರುತಿನ ಚೀಟಿಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಆ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ವಾಪಸು ಬಂದೆ.

ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲದ ಕದಳಿಗೂ ಒಬ್ಬಳೇ ನಡೆದು ಹೋದ ಅಕ್ಕಮಹಾದೇವಿಯ ಬಗ್ಗೆ ನಾವು ಕ್ಲಾಸಿನಲ್ಲಿ ಪ್ರಬಂಧ ಬರೆಸುತ್ತೇವೆ, ಜಯಂತಿಯಂದು ಭಾಷಣ ಮಾಡುತ್ತೇವೆ. ಆ ತಾಯಿ ಇವತ್ತು ಅದೇ ಕೌಂಟರಿಗೆ ಬಂದರೆ ಆಧಾರ್ ಕಾರ್ಡು ಕೇಳುತ್ತಾರೆ, ಗಂಡನ ಫೋನ್ ನಂಬರು ಕೇಳುತ್ತಾರೆ. ಆಕೆ ಚೆನ್ನಮಲ್ಲಿಕಾರ್ಜುನ ಎಂದು ಬರೆಸಿದರೆ ಪೊಲೀಸರಿಗೆ ತಿಳಿಸುತ್ತಾರೆ.

ಟ್ರಾಪಿಸ್ಟರನ್ನು ನಾನು ದೇವತೆಗಳೆಂದು ಹೊಗಳುತ್ತಿಲ್ಲ. ಅವರದೂ ಗಂಡಸರ ಮನೆಯೇ. ಸನ್ಯಾಸಿಗಳಿರುವ ಒಳ ಆವರಣ ನಮಗಲ್ಲ. ಒಂದು ಕಾಲದಲ್ಲಿ ಆ ಪಂಥದ ಮಠಗಳು ಹೆಂಗಸರನ್ನು ಬಾಗಿಲಲ್ಲೇ ತಡೆಯುತ್ತಿದ್ದವು. ಆದರೆ ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಗಳಲ್ಲಿ ಅತಿಥಿಗಳಿಗಾಗಿಯೇ ಒಂದು ಅಧ್ಯಾಯವಿದೆ, 53ನೆಯದು. ಬಂದವರನ್ನು ಸಾಕ್ಷಾತ್ ಕ್ರಿಸ್ತನೇ ಬಂದಂತೆ ಕಾಣಬೇಕೆಂಬುದು ಅದರ ತಾತ್ಪರ್ಯ. ನಾವೂ ಅತಿಥಿದೇವೋಭವ ಎನ್ನುತ್ತೇವೆ. ಅವರು ಅದನ್ನು ಅತಿಥಿಗೃಹವಾಗಿ ಕಟ್ಟಿ, ನೋಡಿಕೊಳ್ಳಲು ಒಬ್ಬ ಸನ್ಯಾಸಿಯನ್ನು ನೇಮಿಸಿದ್ದಾರೆ. ಅಮೆರಿಕದ ಕೆಂಟಕಿಯಲ್ಲಿ ಥಾಮಸ್ ಮರ್ಟನ್ ಇದ್ದ ಗೆತ್ಸೆಮನಿ ಮಠದಲ್ಲೂ ತಂಗಿದವರು ಕೈಲಾದಷ್ಟು ಕಾಣಿಕೆ ಹಾಕಿ ಹೋಗುತ್ತಾರೆ, ದರಪಟ್ಟಿ ಇಲ್ಲ.

ದರಪಟ್ಟಿಯ ಮಾತು ಬಂತು. ಈಗ ಪತ್ರಿಕೆ ತೆರೆದರೆ ಮೌನವೂ ಮಾರಾಟಕ್ಕಿದೆ: ಮೂರು ರಾತ್ರಿ ನಾಲ್ಕು ಹಗಲು, ಎಣ್ಣೆ ಸ್ನಾನ ಸಹಿತ. ನನ್ನ ತಿಂಗಳ ಸಂಬಳದ ಅರ್ಧ ಹೋಗುತ್ತದೆ. ಅಲ್ಲಿ ಬಂದವರು ಕಣ್ಣು ಮುಚ್ಚಿ ಕೂರಲು ಎಷ್ಟು ಜನ ಬಡ ಹೆಂಗಸರು ಬೆಳಗಿನಿಂದ ನೆಲ ಒರೆಸಿರುತ್ತಾರೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ವಿಪಶ್ಯನ ಶಿಬಿರಗಳು ದಾನದ ಮೇಲೆಯೇ ನಡೆಯುತ್ತವೆ, ಹೆಂಗಸರಿಗೂ ಜಾಗವಿದೆ, ಅವರನ್ನು ಮೆಚ್ಚಬೇಕು. ಆದರೆ ಹತ್ತು ದಿನ ಒಟ್ಟಿಗೆ ಸಿಗುವ ಗೃಹಿಣಿ ಯಾವ ಊರಿನಲ್ಲಿದ್ದಾಳೆ? ವಾಗಮಣ್‌ನಲ್ಲಿ 2023ರಲ್ಲಿ 40 ಮೀಟರ್ ಉದ್ದದ ಗಾಜಿನ ಸೇತುವೆ ಆಯಿತು. ಅದನ್ನು ನೋಡಲು ಬಂದವರು ಆಶ್ರಮವನ್ನೂ ಒಂದು 'ಪಾಯಿಂಟ್' ಎಂದು ನೋಡಿ ಹೋಗುತ್ತಾರೆ. ಪ್ರಾರ್ಥನೆ ನಡೆಯುವಾಗ ಕಿಟಕಿಯಿಂದ ಮೊಬೈಲು ಚಾಚಿದ ಕೈಯನ್ನು ನಾನೇ ಕಂಡೆ, ಬಾಯಲ್ಲಿ ಕನ್ನಡ. ಅಗ್ಗದ ರೂಮೆಂದು ಇಲ್ಲಿ ಬಂದು, ಬೆಳಿಗ್ಗೆ ಒಂಬತ್ತಕ್ಕೆ ಎದ್ದು ಕಾಫಿ ಎಲ್ಲಿ ಎನ್ನುವವರು ದಯವಿಟ್ಟು ಬೇರೆ ಲಾಡ್ಜ್ ಹುಡುಕಿಕೊಳ್ಳಿ. ಆ ಸನ್ಯಾಸಿಗಳು ನಾಲ್ಕಕ್ಕೆ ಮೊದಲು ಎದ್ದು ಮಾಡಿಟ್ಟ ಮೌನವನ್ನು ನಾವು ಹೋಗಿ ಪುಕ್ಕಟೆ ಉಣ್ಣುತ್ತಿದ್ದೇವೆ ಎಂಬ ಎಚ್ಚರ ಬೇಡವೇ?

ನಮ್ಮ ಮಠಗಳ ಟ್ರಸ್ಟಿಗಳಲ್ಲಿ ನಾನು ಕೇಳುವುದು ಬಹಳವೇನಲ್ಲ. ಹೊಸ ಕಲ್ಯಾಣಮಂಟಪಕ್ಕೆ ಅಡಿಗಲ್ಲು ಹಾಕುವಾಗ ಹಿಂದುಗಡೆ, ಮೈಕಿನ ದನಿ ತಲುಪದಷ್ಟು ದೂರದಲ್ಲಿ, ಆರು ಕೋಣೆ ಕಟ್ಟಿಸಿ. ಮಂಚ ಬೇಡ, ಚಾಪೆ ಸಾಕು. ಒಬ್ಬಳೇ ಬಂದವಳಿಗೂ ಕೊಡಿ. ಅಂಗನವಾಡಿಯವಳು, ಗಾರ್ಮೆಂಟ್ಸಿನವಳು, ಬಸ್ ಕಂಡಕ್ಟರು, ಯಾರಾದರೂ ಬರಲಿ. ಈ ಮಾತನ್ನು ಒಬ್ಬ ಟ್ರಸ್ಟಿಯ ಮುಂದೆ ಆಡಿಯೂ ನೋಡಿದೆ. ಅವರೂ "ಜವಾಬ್ದಾರಿ ಯಾರು ಟೀಚರೇ?" ಎಂದರು. ಕುರಿಶುಮಲದಲ್ಲಿ ಒಬ್ಬ ವಯಸ್ಸಾದ ಸನ್ಯಾಸಿ ನನ್ನ ಹೆಸರು, ಊರು ಬರೆದುಕೊಂಡು, ಕೀಲಿ ಕೈಗಿಟ್ಟು, ಊಟದ ಗಂಟೆ ಯಾವಾಗ ಹೊಡೆಯುತ್ತದೆಂದು ಹೇಳಿ ಕೊಟ್ಟಿಗೆಯ ಕಡೆ ಹೊರಟುಹೋದರು, ಹಾಲು ಕರೆಯುವ ಹೊತ್ತಾಗಿತ್ತು.