ಓದಿನ ತೊಡಕು ಮತ್ತು ಹೊರನಾಡಿನ ಕನ್ನಡ ಮಗು

ಕನ್ನಡವನ್ನು ಬರೆದಂತೆ ಓದುತ್ತಾರೆ, ಓದಿದಂತೆ ಬರೆಯುತ್ತಾರೆ ಎಂಬ ಮಾತು ವಿದ್ವತ್ ವಲಯದಲ್ಲಿಯೂ ಪರೀಕ್ಷೆಗೆ ಒಳಗಾಗದೆ ಚಲಾವಣೆಯಲ್ಲಿದೆ. ಇಂಗ್ಲಿಷಿನ ಅಕ್ಷರಸಂಯೋಜನೆಯ ಅವ್ಯವಸ್ಥೆಯೊಡನೆ ಹೋಲಿಸಿದಾಗ ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಇಷ್ಟು ಸರಳವಾದ ಲಿಪಿಯನ್ನು ಓದಲಾರದ ಮಗು ದಡ್ಡನೋ ಸೋಮಾರಿಯೋ ಆಗಿರಲೇಬೇಕು ಎಂಬ ತೀರ್ಮಾನಕ್ಕೆ ಇದೇ ಮಾತು ಶಿಕ್ಷಕರನ್ನೂ ಪಾಲಕರನ್ನೂ ತಂದು ನಿಲ್ಲಿಸುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ.

ಮಗುವಿನ ಕಣ್ಣಿನಿಂದ ನೋಡಿದರೆ ಲಿಪಿ ಅಷ್ಟೇನೂ ಸರಳವಲ್ಲ. 'ಭಕ್ತಿ' ಎಂಬ ಪದದಲ್ಲಿ ಇಕಾರ ಕೇಳಿಸುವುದು ತಕಾರದ ಬಳಿಕ. ಅದರ ಗುರುತು ಕೂರುವುದು ಮಾತ್ರ ಕಕಾರದ ತಲೆಯ ಮೇಲೆ. 'ಸೂರ್ಯ' ಎನ್ನುವಾಗ ರೇಫ ಮೊದಲು ಕೇಳಿಸುತ್ತದೆ. ಅರ್ಕಾವೊತ್ತು ಯಕಾರವನ್ನು ದಾಟಿ ಕೊನೆಗೆ ಬರುತ್ತದೆ. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ರಕಾರಕ್ಕೂ ಠಕಾರಕ್ಕೂ ಇರುವ ಅಂತರ ನಡುವಿನ ಒಂದು ಚುಕ್ಕೆ. ದಕಾರ ಧಕಾರಗಳ ಭೇದವಂತೂ ಅನೇಕ ಮನೆಗಳ ಆಡುಮಾತಿನಲ್ಲಿ ಕೇಳಿಸುವುದೇ ಇಲ್ಲ. 34 ವ್ಯಂಜನಗಳ ಕಾಗುಣಿತ ರೂಪಗಳೇ ನಾನೂರನ್ನು ಮೀರುತ್ತವೆ; ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಜ್ಞಾನದ ಗಳಿಕೆ ಮೊದಲ ತರಗತಿಗಳಲ್ಲೇ ಮುಗಿಯದೆ ಮುಂದಿನ ವರ್ಷಗಳಿಗೂ ಚಾಚುತ್ತದೆ ಎಂಬುದನ್ನು ತೋರಿಸಿದೆ. ಆದರೂ ಎರಡನೆಯ ತರಗತಿಗೆ ಬಂದ ಮಗುವಿಗೆ ಎಲ್ಲವೂ ಬಂದಿರಬೇಕೆಂಬ ನಿರೀಕ್ಷೆ ಬದಲಾಗಿಲ್ಲ.

ಬಾಯಿಪಾಠದ ಪದ್ಧತಿ ಈ ತೊಡಕನ್ನು ಮರೆಮಾಡುತ್ತದೆ. ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ಸಾಲಿನ ನಡುವಿನ ಒಂದು ಅಕ್ಷರವನ್ನು ಬೇರ್ಪಡಿಸಿ ತೋರಿಸಿದರೆ ಅದು ಮೊದಲಿನಿಂದ ಎಣಿಸಿಕೊಂಡು ಬರಬೇಕಾಗುತ್ತದೆ. ಅದು ನೆನಪಿನ ಸಾಮರ್ಥ್ಯ, ಓದಲ್ಲ. ಬಾಯಿಪಾಠವನ್ನು ಹಳಿಯಬೇಕಾದ ಅಗತ್ಯವಿಲ್ಲ. ಅದನ್ನೇ ಓದಿನ ಪರೀಕ್ಷೆಯೆಂದು ಭಾವಿಸುವುದು ತಪ್ಪು.

ಹೊರನಾಡಿನಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಮುಂಬಯಿಯ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ತುಳುವನ್ನೋ ಕುಂದಾಪುರದ ಕನ್ನಡವನ್ನೋ ಕಲಬುರಗಿಯ ಕನ್ನಡವನ್ನೋ ಕೇಳುತ್ತದೆ. ಬೀದಿಯಲ್ಲಿ ಹಿಂದಿಯನ್ನು ಆಡುತ್ತದೆ. ಶಾಲೆಯಲ್ಲಿ ದೇವನಾಗರಿಯನ್ನೂ ರೋಮನ್ ಲಿಪಿಯನ್ನೂ ಕಲಿಯುತ್ತದೆ. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಗುರುತು ವ್ಯಂಜನಕ್ಕಿಂತ ಮೊದಲೇ ನಿಲ್ಲುತ್ತದೆ. ಎ ಏ, ಒ ಓ ಎಂಬ ಕನ್ನಡದ ಭೇದಕ್ಕೆ ಮರಾಠಿ ಬರವಣಿಗೆಯಲ್ಲಿ ಎಡೆಯಿಲ್ಲ. ಬಹುಪಾಲು ಮಕ್ಕಳು ಇದೆಲ್ಲವನ್ನೂ ನಿಭಾಯಿಸುತ್ತಾರೆ. ನಿಭಾಯಿಸಲಾರದ ಮಗುವಿನ ವಿಷಯದಲ್ಲಿ ಪಾಲಕರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಕನ್ನಡ ಬಿಡಿಸಿ, ಇಂಗ್ಲಿಷ್ ಶಾಲೆಗೆ ಹಾಕಿ.

ಈ ಸಲಹೆ ಕನ್ನಡದ ಅಭಿಮಾನದ ದೃಷ್ಟಿಯಿಂದಲ್ಲ, ಮಗುವಿನ ಹಿತದ ದೃಷ್ಟಿಯಿಂದಲೇ ಪ್ರಶ್ನಾರ್ಹವಾದುದು. ಡಿಸ್‌ಲೆಕ್ಸಿಯಾ ಎಂದು ಗುರುತಿಸಲಾಗುವ ಓದಿನ ತೊಡಕು ಮುಖ್ಯವಾಗಿ ಮಾತಿನ ಧ್ವನಿಗಳನ್ನು ಬಿಡಿಸಿ ಹಿಡಿಯುವ ಶಕ್ತಿಗೆ ಸಂಬಂಧಿಸಿದ್ದು, ಬುದ್ಧಿಮಟ್ಟಕ್ಕೆ ಸಂಬಂಧಿಸಿದ್ದಲ್ಲ. ಮಾಧ್ಯಮ ಬದಲಾದರೆ ಅದು ಮಗುವಿನ ಜೊತೆಯಲ್ಲಿಯೇ ಹೋಗುತ್ತದೆ, ಧ್ವನಿಗೂ ಅಕ್ಷರಕ್ಕೂ ನಂಟು ಇನ್ನಷ್ಟು ಸಡಿಲವಾಗಿರುವ ಇಂಗ್ಲಿಷಿನಲ್ಲಿ ಹೆಚ್ಚು ಕಾಡುತ್ತದೆ. ಪಕ್ಕದಲ್ಲಿ ಕುಳಿತು ಓದಿಸಬಲ್ಲ ಅಜ್ಜಿಯ ನೆರವೂ ಆಗ ತಪ್ಪುತ್ತದೆ.

ಹಾಗೆಂದು ತಡವರಿಸುವ ಪ್ರತಿ ಮಗುವಿಗೂ ಆ ಹೆಸರನ್ನು ಅಂಟಿಸುವುದು ಸಲ್ಲದು. ಕಣ್ಣು ಕಿವಿಗಳ ತಪಾಸಣೆ ಮೊದಲು ಆಗಬೇಕು. ಮನೆಯಲ್ಲಿ ಒಂದೂ ಪುಸ್ತಕವಿಲ್ಲದ, ತಿಂಗಳುಗಟ್ಟಲೆ ಊರಿಗೆ ಹೋಗಿ ಶಾಲೆ ತಪ್ಪಿಸಿಕೊಂಡ ಮಗುವಿನ ಕೊರತೆ ಬೇರೆಯದು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವು 2015ರಲ್ಲಿ ಹೊರತಂದ 'ಡಾಲಿ' ಎಂಬ ಪರೀಕ್ಷಾ ಸಾಮಗ್ರಿಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷುಗಳ ಜೊತೆಗೆ ಕನ್ನಡವೂ ಸೇರಿದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ಕನ್ನಡದ ಮಗುವನ್ನು ಅಳೆಯಬೇಕಾದ ಅನಿವಾರ್ಯತೆ ಈಗ ಉಳಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕೆಯ ನಿರ್ದಿಷ್ಟ ನ್ಯೂನತೆಗಳನ್ನು ಒಳಗೊಂಡಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ದೊರೆಯುವುದು ನ್ಯಾಯವೇ. ಆದರೆ ಅದರಿಂದ ಮಗು ಉತ್ತೀರ್ಣವಾಗಬಹುದು, ಓದು ಬರುವುದಿಲ್ಲ.

ಓದು ಬರಬೇಕಾದರೆ ಪದವನ್ನು ಮೊದಲು ಕಿವಿಯಲ್ಲಿ ಒಡೆಯುವ ಆಟ ಬೇಕು. ಒತ್ತಕ್ಷರವಿಲ್ಲದ ಪದಗಳಿಂದಲೇ ಕಟ್ಟಿದ, ಆದರೂ ಪೇಲವವಲ್ಲದ ಕತೆಗಳು ಬೇಕು. ಬಳಿಕ ಸಜಾತೀಯ ಒತ್ತು, ಆಮೇಲೆ ವಿಜಾತೀಯ, ಕೊನೆಗೆ ಅರ್ಕಾವೊತ್ತು. ದಿನಕ್ಕೆ ಅರ್ಧ ಗಂಟೆ ಒಬ್ಬರೇ ಪಕ್ಕದಲ್ಲಿ ಕುಳಿತು, ತಿದ್ದುವ ಆತುರವಿಲ್ಲದೆ ಕೇಳಿಸಿಕೊಳ್ಳಬೇಕು. ಇಂಥ ಪಾಠಗಳನ್ನು ರಚಿಸುವ ಭಾಷಾಜ್ಞಾನ ಇರುವುದು ಕನ್ನಡ ವಿಭಾಗಗಳಲ್ಲಿಯೇ. ಕೇಶಿರಾಜನ ಶುದ್ಧಗೆಯ 47 ಅಕ್ಷರಗಳನ್ನು ಎಣಿಸಬಲ್ಲ ಸ್ನಾತಕೋತ್ತರ ವಿದ್ಯಾರ್ಥಿಗೆ ಎರಡನೆಯ ತರಗತಿಯ ಮಗು ಯಾವ ಅಕ್ಷರದ ಬಳಿ ತಡೆದು ನಿಲ್ಲುತ್ತದೆ ಎಂಬುದು ಸಂಶೋಧನೆಯ ವಿಷಯವೆಂದು ಇನ್ನೂ ಹೊಳೆದಂತಿಲ್ಲ. ಹಸ್ತಪ್ರತಿಗಳ ಲಿಪಿಕಾರರ ಸ್ಖಾಲಿತ್ಯಗಳನ್ನು ಅಷ್ಟು ಸಹನೆಯಿಂದ ವರ್ಗೀಕರಿಸಿರುವ ಶಾಸ್ತ್ರಕ್ಕೆ, ಮುಂಬಯಿಯದೋ ಪುಣೆಯದೋ ಒಂದು ಕನ್ನಡ ಶಾಲೆಯ ಐವತ್ತು ಮಕ್ಕಳ ಉಕ್ತಲೇಖನದ ಹಾಳೆಗಳನ್ನು ಅದೇ ಕ್ರಮದಲ್ಲಿ ಪರಿಶೀಲಿಸುವುದು ಕಷ್ಟದ ಕೆಲಸವೇನಲ್ಲ.